ಹಳೆ ಅಡುಗೆ ಪುಸ್ತಕ ಆರಿಸುವುದು ಹೇಗೆ?

ನ್ಯೂಯಾರ್ಕಿನಲ್ಲಿ ಅಡುಗೆ ಮತ್ತು ಪಾನೀಯದ ಪುಸ್ತಕಗಳಿಗೇ ಮೀಸಲಾದ ಅಂಗಡಿಯಿದೆ. 1983ರಲ್ಲಿ ಶುರುವಾದ ಕಿಚನ್ ಆರ್ಟ್ಸ್ ಅಂಡ್ ಲೆಟರ್ಸ್ ಅದು. ಬೆಂಗಳೂರಿನಲ್ಲಿ ನಮಗೆ ಚರ್ಚ್ ಸ್ಟ್ರೀಟಿನ ಬ್ಲಾಸಂ, ಬುಕ್‌ವರ್ಮ್, ಇಲ್ಲವೇ ಅವೆನ್ಯೂ ರಸ್ತೆಯ ರಾಶಿಗಳೇ ಗತಿ. ಅಡುಗೆಯ ಕಪಾಟು ನೋಡಿ ವಾಪಸು ಬರಬೇಡಿ. ಆರೋಗ್ಯ, ಮನೆಮದ್ದು, ಹೊಲಿಗೆ ಪುಸ್ತಕಗಳ ನಡುವೆಯೂ ಕೈಯಾಡಿಸಿ.

ಪುಸ್ತಕ ಸಿಕ್ಕಿತಾ? ಮೊದಲು ಅಚ್ಚಾದ ಬೆಲೆ ನೋಡಿ. ಎಷ್ಟೋ ಹಳೆ ಪುಸ್ತಕಗಳಲ್ಲಿ ಇಸವಿಯೇ ಇರುವುದಿಲ್ಲ. ಬೆಲೆ ಆಣೆಯಲ್ಲಿದ್ದರೆ ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು. ನಯೇ ಪೈಸೆಯಲ್ಲಿದ್ದರೆ 1957ರಿಂದ 1964ರೊಳಗಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು.

ಆಮೇಲೆ ಅಳತೆ. ಎಡವುವುದು ಇಲ್ಲೇ. ತೊಲ ಅಂದರೆ 11.66 ಗ್ರಾಂ, ಐದು ತೊಲಕ್ಕೆ ಒಂದು ಚಟಾಕು. ಇವು ಸುಲಭ. ಸೇರು, ಪಾವು ಮಾತ್ರ ತೂಕದ್ದು ಬೇರೆ, ಅಳತೆಯದು ಬೇರೆ, ಊರಿಗೊಂದು ಲೆಕ್ಕ. ಗ್ರಾಮಿಗೆ ಬದಲಾಯಿಸಲು ಹೋಗಬೇಡಿ. ಪಾವು ಅಕ್ಕಿಗೆ ಅರ್ಧ ಪಾವು ಬೇಳೆ ಅಂದಿದ್ದರೆ, ಮನೆಯ ಯಾವುದೋ ಲೋಟದಲ್ಲಿ ಅದೇ ಪ್ರಮಾಣ ಹಿಡಿದರೆ ಸಾಕು. ಉಪ್ಪು, ಹುಳಿ, ಖಾರ ನಿಮ್ಮ ನಾಲಿಗೆಗೆ ಬಿಟ್ಟದ್ದು.

ಕಾಕ್‌ಟೇಲ್, ಪಂಚ್‌ನಂಥ ಬೆರಕೆ ಪಾನೀಯಗಳ ಪುಸ್ತಕವಾದರೆ ಅಚ್ಚಾದ ದೇಶ ನೋಡಿ. ಬ್ರಿಟಿಷ್ ಪೈಂಟ್ 568 ಮಿಲಿ, ಅಮೆರಿಕದ್ದು 473. ಔನ್ಸ್‌ನಲ್ಲಿ ವ್ಯತ್ಯಾಸ ಅಷ್ಟಿಲ್ಲ. ಹಾಗಾಗಿ ಔನ್ಸ್ ಲೆಕ್ಕದ ಒಂದು ಗ್ಲಾಸಿನ ಕಾಕ್‌ಟೇಲ್ ಕೆಡುವುದಿಲ್ಲ, ಪೈಂಟ್ ಲೆಕ್ಕದಲ್ಲಿ ಪಾತ್ರೆಗಟ್ಟಲೆ ಪಂಚ್ ಮಾಡಿದರೆ ರುಚಿ ಎಲ್ಲೋ ಹೋಗುತ್ತದೆ.

ಪುಟ ಎಣಿಸಿ. ಬಣ್ಣದ ಚಿತ್ರದ ಹಾಳೆಗಳನ್ನು ಕತ್ತರಿಸಿಕೊಂಡಿರುವವರು ಜಾಸ್ತಿ. ಅರಿಶಿನದ ಕಲೆಗೆ ಹೆದರಬೇಡಿ. ನನಗಂತೂ ಅದೇ ಇಷ್ಟ. ಕಲೆ ಹೆಚ್ಚಿರುವ ಪುಟದ ಅಡುಗೆ ಆ ಮನೆಯಲ್ಲಿ ಮತ್ತೆ ಮತ್ತೆ ಆಗಿರುತ್ತದೆ, ಅಲ್ವಾ? ಅಂಗಡಿಯವರಿಗೆ ಮಾತ್ರ ಕಲೆ ತೋರಿಸಿಯೇ ಚೌಕಾಸಿ ಮಾಡಿ.

ಒಂದು ಎಚ್ಚರಿಕೆ. ಬೀನ್ಸ್, ಬಟಾಣಿಯಂಥವನ್ನು ಬಾಟಲಿಗೆ ತುಂಬಿ ಬರೀ ಕುದಿಯುವ ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯ್ದಿಡುವ ಹಳೆ ವಿಧಾನ ಕಂಡರೆ, ಓದಿ ಬಿಟ್ಟುಬಿಡಿ. ಬೊಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ.

ತಂದ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸಬೇಡಿ. ಹುಳದ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಿದರೆ ಹಾಳೆ ಒದ್ದೆಯಾಗುತ್ತದೆ. ಒಂದು ದಿನ ಹಾಗೇ ಬಿಡಿ.