ತಾಮ್ರದ ಪೈಪಿನ ಬೆಸುಗೆ: ಫ್ಲಕ್ಸ್ ಎಷ್ಟು ಹಚ್ಚಬೇಕು, ಯಾವಾಗ ಒರೆಸಬೇಕು?

ತಾಮ್ರದ ಪೈಪಿಗೆ ಬೆಸುಗೆ ಹಾಕುವಾಗ ಎಲ್ಲರ ಕಣ್ಣೂ ಗ್ಯಾಸ್ ಟಾರ್ಚಿನ ಉರಿಯ ಮೇಲೆ. ಆದರೆ ಜಾಯಿಂಟ್ ಗಟ್ಟಿಯಾಗಿ ನಿಲ್ಲುತ್ತದೋ, ನೀರು ಜಿನುಗುತ್ತದೋ ಅನ್ನುವುದು ಹೆಚ್ಚಾಗಿ ಉರಿ ಹಚ್ಚುವ ಮೊದಲೇ ತೀರ್ಮಾನವಾಗಿರುತ್ತದೆ. ಅದು ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೆ ಉರಿ ಆರಿಸಿದ ಮೇಲಿನ ಕೆಲಸವೂ ಮುಖ್ಯ. ಈ ಎರಡೂ ಕಡೆ ಫ್ಲಕ್ಸ್‌ನದ್ದೇ, ಅಂದರೆ ಬೆಸುಗೆ ಹಿಡಿಯಲೆಂದು ಜಾಯಿಂಟಿಗೆ ಮೊದಲೇ ಸವರುವ ಪೇಸ್ಟಿನದ್ದೇ ಮಾತು.

ತಾಮ್ರಕ್ಕೆ ಗಾಳಿ ತಾಗಿದರೆ ಸಾಕು, ಮೇಲೆ ಆಕ್ಸೈಡ್‌ನ ತೆಳು ಪದರ ಕೂರುತ್ತದೆ. ಬಿಸಿ ಮಾಡಿದರೆ ಅದು ಇನ್ನೂ ಬೇಗ ಬೆಳೆಯುತ್ತದೆ. ಕರಗಿದ ಸಾಲ್ಡರ್ (ಬೆಸುಗೆಗೆ ಕರಗಿಸುವ ಲೋಹದ ತಂತಿ) ಈ ಪದರಕ್ಕೆ ಅಂಟುವುದಿಲ್ಲ, ಗುಂಡುಗುಂಡಾಗಿ ಉರುಳಿ ಬೀಳುತ್ತದೆ. ಪ್ಲಂಬಿಂಗ್ ಫ್ಲಕ್ಸ್‌ನಲ್ಲಿ ಸಾಮಾನ್ಯವಾಗಿ ಜಿಂಕ್ ಕ್ಲೋರೈಡ್, ಅಮೋನಿಯಂ ಕ್ಲೋರೈಡ್‌ನಂಥ ಲವಣಗಳು ಇರುತ್ತವೆ. ಬಿಸಿಯಾದಾಗ ಇವು ಅಳಿದುಳಿದ ಆಕ್ಸೈಡನ್ನು ತಿಂದುಹಾಕುತ್ತವೆ, ಹೊಸದು ಕೂರದಂತೆ ತಡೆಯುತ್ತವೆ, ಸಾಲ್ಡರ್ ಬಂದಾಗ ಅದಕ್ಕೆ ಜಾಗ ಬಿಟ್ಟು ಸರಿಯುತ್ತವೆ. ಗಮನಿಸಿ, ‘ಅಳಿದುಳಿದ’ ಆಕ್ಸೈಡ್. ಪೈಪನ್ನು ಉಜ್ಜದೆ ಸುಮ್ನೆ ಫ್ಲಕ್ಸ್ ಮೆತ್ತಿದರೆ ಆಯಿತು ಅಂದುಕೊಳ್ಳುವವರು ಬಹಳ ಜನ. ಸೋಮಾರಿತನಕ್ಕೆ ಫ್ಲಕ್ಸ್ ಮದ್ದಲ್ಲ.

ಮೊದಲು ಉಜ್ಜುವ ಕೆಲಸ

ಹಳೆಯ ಲೈನ್ ಆದರೆ ನೀರು ಬಂದ್ ಮಾಡಿ, ಪೈಪಿನಲ್ಲಿರುವುದನ್ನೆಲ್ಲ ಬಸಿದುಬಿಡಿ. ಹತ್ತಿರದ ಒಂದು ನಲ್ಲಿ ತೆರೆದೇ ಇರಲಿ, ಆವಿ ಹೊರಗೆ ಹೋಗಲು ದಾರಿ ಬೇಕು. ಜಾಯಿಂಟಿನೊಳಗೆ ನೀರು ಹನಿಯುತ್ತಿದ್ದರೆ ಎಷ್ಟು ಉರಿ ಹಿಡಿದರೂ ಪ್ರಯೋಜನವಿಲ್ಲ. ನೀರು 100 ಡಿಗ್ರಿಗೇ ಕುದಿದು ಬಿಸಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ, ಸೀಸವಿಲ್ಲದ ಸಾಲ್ಡರ್ ಕರಗಲು ಶುರುವಾಗುವುದೇ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುಡಿಯುವ ನೀರಿನ ಲೈನಿಗೆ ಸೀಸವಿಲ್ಲದ ಸಾಲ್ಡರೇ ಬೇಕು, ಇದರಲ್ಲಿ ರಾಜಿ ಇಲ್ಲ.

ಪೈಪ್ ಕತ್ತರಿಸಿದ ಮೇಲೆ ಒಳಬಾಯಿಯಲ್ಲಿ ಚೂಪಾದ ಅಂಚು ಉಳಿಯುತ್ತದೆ. ರೀಮರ್ ಅನ್ನುವ ಅಂಚು ಹೆರೆಯುವ ಸಾಧನದಿಂದ ಅದನ್ನು ತೆಗೆಯಿರಿ. ಹಾಗೇ ಬಿಟ್ಟರೆ ನೀರು ಅಲ್ಲಿ ಸುಳಿ ಸುತ್ತಿ ವರ್ಷಗಳಲ್ಲಿ ಪೈಪಿನ ಗೋಡೆಯನ್ನೇ ಸವೆಸುತ್ತದೆ. ಆಮೇಲೆ ಪೈಪಿನ ತುದಿಯ ಹೊರಭಾಗವನ್ನು ಎಮರಿ ಬಟ್ಟೆಯಿಂದ (ಮರಳುಕಾಗದದಂಥ ಒರಟು ಬಟ್ಟೆ) ಉಜ್ಜಿ. ಫಿಟ್ಟಿಂಗ್ (ಪೈಪುಗಳನ್ನು ಜೋಡಿಸುವ ತುಂಡು) ಒಳಗೆ ಎಷ್ಟು ಉದ್ದ ಹೋಗುತ್ತದೋ ಅದಕ್ಕಿಂತ ತುಸು ಜಾಸ್ತಿಯೇ ಉಜ್ಜಿ. ಎಲ್ಬೋ, ಟೀಯಂಥ ಫಿಟ್ಟಿಂಗ್‌ಗಳ ಒಳಭಾಗಕ್ಕೆ ಅಳತೆಗೆ ತಕ್ಕ ತಂತಿ ಬ್ರಷ್ ಸಿಗುತ್ತದೆ. ಹೊಸ ಫಿಟ್ಟಿಂಗ್ ಹೊಳೆಯುತ್ತಿದ್ದರೂ ಒಮ್ಮೆ ಬ್ರಷ್ ಆಡಿಸುವುದು ಒಳ್ಳೆಯದು. ಹಾಗಂತ ಲೋಹ ಸವೆಯುವಷ್ಟು ಉಜ್ಜಬಾರದು. ಪೈಪಿಗೂ ಫಿಟ್ಟಿಂಗಿಗೂ ನಡುವೆ ಇರಬೇಕಾದ ಸಂದು ಸುಮಾರು 0.05ರಿಂದ 0.13 ಮಿಲಿಮೀಟರ್ ಅಷ್ಟೇ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರಿದ ಹಾಗೆ ಈ ಕಿರಿದಾದ ಸಂದು ಕರಗಿದ ಸಾಲ್ಡರನ್ನು ಒಳಗೆ ಎಳೆದುಕೊಳ್ಳುತ್ತದೆ. ಸಂದು ಅಗಲವಾದರೆ ಆ ಎಳೆತ ಸಡಿಲವಾಗುತ್ತದೆ.

ಉಜ್ಜಿದ ಜಾಗವನ್ನು ಕೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡೂ ಸಾಲ್ಡರ್‌ಗೆ ಅಡ್ಡಿಯೇ.

ಫ್ಲಕ್ಸ್ ಹಚ್ಚುವ ಕ್ರಮ

ಉಜ್ಜಿದ ತಕ್ಷಣ ಹಚ್ಚಿಬಿಡಿ. ತಡ ಮಾಡಿದಷ್ಟೂ ಆಕ್ಸೈಡ್ ಮತ್ತೆ ಕೂರುತ್ತದೆ. ಹಚ್ಚಲು ಚಿಕ್ಕ ಬ್ರಷ್ ಬೇಕು, ಬೆರಳು ಬೇಡ. ಜಿಡ್ಡಿನ ಕಾರಣ ಒಂದಾಯಿತು, ಇನ್ನೊಂದು ಕಾರಣ ನಿಮ್ಮ ಕಣ್ಣು. ಫ್ಲಕ್ಸ್ ಮೆತ್ತಿದ ಬೆರಳಿನಿಂದ ಬೆವರು ಒರೆಸಿಕೊಳ್ಳಲು ಹೋದರೆ ಕಣ್ಣು ಉರಿದುಹೋಗುತ್ತದೆ, ಕೈಯಲ್ಲಿ ಗಾಯವಿದ್ದರೂ ಅಷ್ಟೇ.

ಪೈಪಿನ ಹೊರಗೂ ಫಿಟ್ಟಿಂಗಿನ ಒಳಗೂ ತೆಳುವಾಗಿ, ಎಲ್ಲೂ ಬಿಡದಂತೆ ಸವರಿ. ತಾಮ್ರದ ಬಣ್ಣ ಪದರದ ಮೂಲಕ ಕಾಣುತ್ತಿರಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ಭದ್ರ ಅನ್ನಿಸುತ್ತದೆ, ಅಲ್ವಾ? ಇಲ್ಲಿ ಉಲ್ಟಾ. ಹೆಚ್ಚಾದದ್ದು ಜಾಯಿಂಟಿನಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಹೊರಗೆ ಸುರಿಯುತ್ತದೆ, ಉಳಿದದ್ದು ಕರಗಿ ಪೈಪಿನ ಒಳಗೆ ಇಳಿಯುತ್ತದೆ. ಹೊರಗಿನದು ಕಣ್ಣಿಗೆ ಕಾಣುತ್ತದೆ, ಒರೆಸಬಹುದು. ಒಳಗಿನದು ಪೈಪಿನ ತಳದಲ್ಲಿ ಗೆರೆಯಾಗಿ ಕೂತು ತಾಮ್ರವನ್ನು ಕೊರೆಯುತ್ತಾ ಹೋಗುತ್ತದೆ. ಕೆಲವೊಮ್ಮೆ ವರ್ಷಗಳ ನಂತರ ಜಾಯಿಂಟ್ ಗಟ್ಟಿಯಾಗಿದ್ದು ಅದರ ಪಕ್ಕದಲ್ಲೇ ಪೈಪಿಗೆ ಸೂಜಿಮೊನೆಯಷ್ಟು ತೂತು ಬೀಳುತ್ತದಲ್ಲ, ಅದಕ್ಕೆ ಹೀಗೆ ಉಳಿದ ಫ್ಲಕ್ಸ್ ಕೂಡ ಒಂದು ಕಾರಣ. ಆದ್ದರಿಂದ ಫಿಟ್ಟಿಂಗಿನ ತಳದಲ್ಲಿ ಮುದ್ದೆ ಬಿಡಬೇಡಿ, ಪೈಪಿನ ಒಳಬಾಯಿಗೆ ತಾಗಿಸಬೇಡಿ.

ಪೈಪನ್ನು ಫಿಟ್ಟಿಂಗಿನ ತಳ ಮುಟ್ಟುವವರೆಗೆ ತೂರಿಸಿ, ಸ್ವಲ್ಪ ತಿರುಗಿಸಿ. ಫ್ಲಕ್ಸ್ ಸುತ್ತಲೂ ಹರಡುತ್ತದೆ. ಈಗ ಹೊರಗೆ ಉಕ್ಕಿದ್ದನ್ನು ಒಣಬಟ್ಟೆಯಿಂದ ಒರೆಸಿ, ಉರಿ ಹಚ್ಚುವ ಮೊದಲೇ. ಈ ಒಂದು ಒರೆಸುವಿಕೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಆಮೇಲೆ ಪೈಪಿನ ಮೈಮೇಲೆಲ್ಲ ಸಾಲ್ಡರ್ ಹರಿದು ಗಂಟು ಗಂಟಾಗಿ ನಿಂತಿರುವುದು ಕಾಣುತ್ತದೆ. ಫ್ಲಕ್ಸ್ ಹೋದಲ್ಲೆಲ್ಲ ಸಾಲ್ಡರ್ ಹೋಗುತ್ತದೆ.

ಉರಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೊದಲು ಪೈಪ್, ಆಮೇಲೆ ಫಿಟ್ಟಿಂಗ್ ಕಾಯಿಸಿ. ಸಾಲ್ಡರ್ ತಂತಿಯನ್ನು ಉರಿಗೆ ಹಿಡಿಯಬೇಡಿ, ಉರಿಯ ಎದುರು ಬದಿಯಲ್ಲಿ ಜಾಯಿಂಟಿಗೆ ತಾಗಿಸಿ. ತಾಮ್ರದ ಬಿಸಿಗೇ ಅದು ಕರಗಬೇಕು. ಫ್ಲಕ್ಸ್ ಕುದಿದು ಹೊಗೆಯಾಡುವುದು ಸಹಜ. ಕಪ್ಪಾಗಿ ಸುಟ್ಟು ಕರಕಲಾದರೆ ಅದರ ಕೆಲಸ ಮುಗಿದಂತೆ, ಇನ್ನೆಷ್ಟು ಸಾಲ್ಡರ್ ತಿನ್ನಿಸಿದರೂ ಒಳಗೆ ಹೋಗದು. ಬಿಚ್ಚಿ ಮತ್ತೆ ಉಜ್ಜುವುದೊಂದೇ ದಾರಿ. ಅರ್ಧ ಇಂಚಿನ ಪೈಪಿಗೆ ಸುಮಾರು ಅರ್ಧ ಇಂಚು ಸಾಲ್ಡರ್ ತಂತಿ, ಮುಕ್ಕಾಲು ಇಂಚಿನದ್ದಕ್ಕೆ ಮುಕ್ಕಾಲು ಇಂಚು ಅನ್ನುವ ಅಂದಾಜು ಸಾಮಾನ್ಯವಾಗಿ ಸಾಕಾಗುತ್ತದೆ. ಕಿಟಕಿ ತೆರೆದಿರಲಿ, ಆ ಹೊಗೆ ಕುಡಿಯುವಂಥದ್ದಲ್ಲ. ಹಿಂದೆ ಮರ ಅಥವಾ ಪ್ಲಾಸ್ಟಿಕ್ ಇದ್ದರೆ ಬೆಂಕಿ ತಡೆಯುವ ಹಾಳೆ ಅಡ್ಡ ಹಿಡಿಯಿರಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ.

ಆರಿದ ಮೇಲೆ

ಬೆಸುಗೆ ಮುಗಿಯಿತು ಅಂತ ನೀರು ಸುರಿದು ತಣಿಸಬೇಡಿ. ಸಾಲ್ಡರ್ ಇನ್ನೂ ಗಟ್ಟಿಯಾಗುತ್ತಿರುವಾಗ ತಟ್ಟನೆ ತಣಿದರೆ, ಅಥವಾ ಪೈಪ್ ಅಲುಗಾಡಿದರೆ, ಒಳಗೆ ಬಿರುಕು ಬೀಳಬಹುದು. ತಾನಾಗಿ ಆರಲಿ. ಕೈ ಮುಟ್ಟುವಷ್ಟು ಆರಿದ ಮೇಲೆ ಒದ್ದೆ ಬಟ್ಟೆಯಿಂದ ಸುತ್ತಲೂ ಒರೆಸಿ. ಪೇಸ್ಟ್‌ ಫ್ಲಕ್ಸ್‌ನಲ್ಲಿ ಸಾಮಾನ್ಯವಾಗಿ ಜಿಡ್ಡು ಇರುತ್ತದೆ, ತಣ್ಣೀರಿಗೆ ಬಿಡದಿದ್ದರೆ ಬಿಸಿನೀರು, ಸ್ವಲ್ಪ ಸೋಪು ಹಾಕಿ. ನೀರಿನಲ್ಲಿ ಕರಗುವ ಫ್ಲಕ್ಸ್ ಬಳಸಿದ್ದರೆ ಈ ಕೆಲಸ ಸಲೀಸು. ಕೊಳ್ಳುವಾಗಲೇ ಡಬ್ಬಿಯ ಮೇಲೆ ಎಎಸ್‌ಟಿಎಂ ಬಿ813 (ASTM B813) ಅಂತ ಇದೆಯೇ ನೋಡಿ. ತಾಮ್ರದ ಪೈಪಿನ ಫ್ಲಕ್ಸ್‌ಗೆಂದೇ ಇರುವ ಮಾನದಂಡ ಅದು.

ಒರೆಸುವುದು ಬರೀ ಚೆಂದಕ್ಕಲ್ಲ. ಉಳಿದ ಲವಣಗಳು ಗಾಳಿಯ ತೇವ ಹೀರಿಕೊಂಡು ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತವೆ. ಹಿಂಬದಿಯನ್ನೂ ಮರೆಯಬೇಡಿ. ಗೋಡೆಗೆ ಅಂಟಿಕೊಂಡ ಪೈಪಾದರೆ ಚಿಕ್ಕ ಕನ್ನಡಿ ಹಿಡಿದು ನೋಡಿ. ಸಾಲ್ಡರ್ ಸುತ್ತಲೂ ಕಡಿಯದ ಬೆಳ್ಳಿ ಗೆರೆಯಾಗಿ ಕಾಣುತ್ತಿದ್ದರೆ ಸರಿ.

ಒಳಗಿನ ಫ್ಲಕ್ಸ್ ತೆಗೆಯಲು ಲೈನಿಗೆ ನೀರು ಬಿಟ್ಟು, ನಲ್ಲಿಗಳನ್ನು ಪೂರ್ತಿ ತೆರೆದು ಚೆನ್ನಾಗಿ ಹರಿಸಿ. ನಲ್ಲಿಯ ಬಾಯಿಯ ಜಾಲರಿ ಮೊದಲೇ ಬಿಚ್ಚಿಡಿ, ಇಲ್ಲವಾದರೆ ಕಸವೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೀಗೆ ತೊಳೆಯುವುದನ್ನು ಅದೇ ದಿನ ಮಾಡಿಬಿಡುವುದು ಒಳ್ಳೆಯದು.

ಸೋರಿಕೆ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಹಲವು ಜಾಯಿಂಟ್‌ಗಳ ನಡುವೆ ಒಂದಕ್ಕೆ ಸಾಲ್ಡರ್ ಹಾಕುವುದೇ ಮರೆತುಹೋಗಿದ್ದರೂ ಜಿಡ್ಡಿನ ಫ್ಲಕ್ಸ್ ಸ್ವಲ್ಪ ಹೊತ್ತು ನೀರನ್ನು ತಡೆದುಕೊಳ್ಳಬಲ್ಲದು. ಜಾಯಿಂಟ್‌ಗಳನ್ನು ಒರೆಸಿ ಒಂದೊಂದಾಗಿ ನೋಡಿದ್ದರೆ ಇಂಥದ್ದು ಆಗಲೇ ಸಿಕ್ಕಿಬೀಳುತ್ತದೆ. ಎಲ್ಲಾದರೂ ಹನಿ ಜಿನುಗಿದರೆ ಮೇಲಿಂದ ಮೇಲೆ ಸಾಲ್ಡರ್ ಮೆತ್ತುವುದು ಬೇಡ. ನೀರು ಬಸಿದು, ಕಾಯಿಸಿ, ಫಿಟ್ಟಿಂಗನ್ನು ಇಕ್ಕಳದಿಂದ ಎಳೆದು ಬಿಡಿಸಿ, ಬಿಸಿ ಇರುವಾಗಲೇ ಹಳೆಯ ಸಾಲ್ಡರನ್ನು ಒರೆಸಿ ತೆಗೆಯಿರಿ. ಪೈಪ್ ಆರಿದ ಮೇಲೆ ಎಮರಿ ಬಟ್ಟೆಯಿಂದ ಉಜ್ಜಿ, ಹೊಸ ಫ್ಲಕ್ಸ್ ಹಚ್ಚಿ, ಆದಷ್ಟು ಹೊಸ ಫಿಟ್ಟಿಂಗ್ ಹಾಕಿ.