ಥಾರ್ ಮರಳಿಗೆ ಇಂಬಳದ ಕಾಲುಚೀಲ: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿರುವ ನಾನು ನಮ್ಮ ಚಾರಣ ತಂಡದೊಂದಿಗೆ ಜೈಸಲ್ಮೇರಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಎರಡು ಸಲ ಉಡುಪಿನಲ್ಲಿ ಸೋತೆ. ಮೂರನೆಯ ಸಲ, ಈ ವರ್ಷದ ಫೆಬ್ರವರಿ ಕೊನೆಯಲ್ಲಿ, ನಾನೇ ಕತ್ತರಿಸಿ ಹೊಲಿದ ಬಟ್ಟೆಯನ್ನೂ ನಮ್ಮ ಮಳೆಗಾಡಿನ ಇಂಬಳ (ಜಿಗಣೆ) ತಡೆಯುವಂಥ ಕಾಲುಚೀಲವನ್ನೂ ತೊಟ್ಟು ಸ್ಯಾಮ್ ಮತ್ತು ಖುರಿಯ ಮರಳದಿಣ್ಣೆಗಳಲ್ಲಿ ನಾಲ್ಕು ದಿನ ಓಡಾಡಿದೆ. ಹನ್ನೊಂದು ಜನರಲ್ಲಿ ಕುತ್ತಿಗೆ ಸುಡದೆ, ಕಾಲಿಗೆ ಬೊಬ್ಬೆ ಏಳದೆ ಮರಳಿದವರು ನಾನು ಮತ್ತು ನನ್ನ ಹೊಲಿಗೆಯ ಬಟ್ಟೆ ತೊಟ್ಟಿದ್ದ ಇನ್ನಿಬ್ಬರು ಮಾತ್ರ.

ಅಡಿಕೆ ಕೊಯ್ಲು ಮುಗಿಯದೆ ನಮ್ಮ ಕಡೆಯವರು ಊರು ಬಿಡುವುದಿಲ್ಲವಾದ್ದರಿಂದ 2017ರಲ್ಲಿ ನಾವು ಹೊರಟದ್ದು ಮಾರ್ಚಿನಲ್ಲಿ. ಜೀನ್ಸ್, ಮೈಗಂಟಿದ ಕಪ್ಪು ಟೀ ಶರ್ಟ್, ಮಳೆಗಾಲದ ನೈಲಾನ್ ಜರ್ಕಿನ್ ತೆಗೆದುಕೊಂಡು ಹೋಗಿದ್ದೆ. ಒಂಟೆಯ ಮೇಲೆ ಎರಡು ಗಂಟೆ ಕುಳಿತು ಇಳಿಯುವಷ್ಟರಲ್ಲಿ ಜೀನ್ಸಿನ ಒಳತೊಡೆಯ ದಪ್ಪ ಮಡಿಕೆ ಹೊಲಿಗೆ ಎರಡೂ ಕಡೆ ಚರ್ಮವನ್ನು ಸುಲಿದಿತ್ತು. ಆಗುಂಬೆಯ ಮಳೆಗಾಲದಲ್ಲಿ ಬೆವರು ಆರುವುದೇ ಇಲ್ಲ. ಮರುಭೂಮಿಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಸಂಜೆ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗಲೇ ಗೊತ್ತಾಗುವುದು.

2019ರಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ, ಮರುಭೂಮಿಗೆಂದೇ ತಯಾರಾದದ್ದೆಂದು ಹೇಳಿದ ಪಾಲಿಯೆಸ್ಟರ್ ಅಂಗಿ, ಪ್ಯಾಂಟು, ಕಾಲುಚೀಲಗಳಿಗೆ ಸುಮಾರು 6,500 ರೂಪಾಯಿ ಕೊಟ್ಟೆ. ಎರಡನೆಯ ದಿನವೇ ಜಿಪ್ಪಿನ ಹಲ್ಲುಗಳಲ್ಲಿ ಮರಳು ಕೂತು ಜೇಬು ತೆರೆಯದಾಯಿತು. ಅದಕ್ಕಿಂತ ಹೆಚ್ಚು ಕಾಡಿದ್ದು, ಅಲ್ಲಿಯವರು ಭುರಟ್ ಎನ್ನುವ ಹುಲ್ಲಿನ ಮುಳ್ಳುಕಾಯಿ. ನಮ್ಮ ಉತ್ತರಾಣಿಯಂತೆ ಇದೂ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಆದರೆ ಉತ್ತರಾಣಿ ಉಜ್ಜಿದರೆ ಉದುರುತ್ತದೆ, ಇದನ್ನು ಉಜ್ಜಿದರೆ ಮುಳ್ಳು ಬೆರಳಿಗೆ ಮುರಿದುಕೊಳ್ಳುತ್ತದೆ. ಹೆಣೆದ ಕಾಲುಚೀಲವೊಂದರಲ್ಲೇ ನಲವತ್ತಕ್ಕೂ ಹೆಚ್ಚು ಕಾಯಿಗಳಿದ್ದವು. ಹುಬ್ಬಳ್ಳಿಯತ್ತ ಬರುವ ರೈಲಿನಲ್ಲಿ ಚಿಮಟದಿಂದ ಅವನ್ನು ಕೀಳುತ್ತಾ ಕುಳಿತಿದ್ದಾಗಲೇ, ಪ್ರತಿ ಜೂನ್‌ನಲ್ಲಿ ನನ್ನ ಅಂಗಡಿಯ ಬಾಗಿಲಿಗೆ ನೇತುಹಾಕುವ ಇಂಬಳದ ಕಾಲುಚೀಲಗಳು ನೆನಪಾದವು. ಹೆಣಿಗೆಯ ಸಂದಿಯಲ್ಲಿ ನುಸುಳುವ ಇಂಬಳ ಒತ್ತು ನೇಯ್ಗೆಯ ಬಟ್ಟೆಯಲ್ಲಿ ನುಸುಳಲಾರದು ಎಂದಮೇಲೆ ಮರಳಿಗೂ ಮುಳ್ಳಿಗೂ ಅದೇ ಬಟ್ಟೆ ಸಾಕಲ್ಲವೇ ಎಂಬುದು ನನ್ನ ಲೆಕ್ಕವಾಗಿತ್ತು.

ತಂಡದ ಹಿರಿಯರು ಇದನ್ನು ಒಪ್ಪಲಿಲ್ಲ. "ಹನಿ ನೀರಿಲ್ಲದ ಊರಿಗೆ ಇಂಬಳದ ಚೀಲ ಯಾಕೆ ಮಾರಾಯ?" ಎಂದರು. ಆದರೂ ಒತ್ತಾಗಿ ನೆಯ್ದ ಕೋರಾ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಬರುವ ಮೂರು ಜೊತೆ ಹೊಲಿದೆ. ಒಂದು ಜೊತೆಗೆ ಬಿದ್ದ ಬಟ್ಟೆಯ ಖರ್ಚು 120 ರೂಪಾಯಿ ಇರಬಹುದು. ಹೊಲಿಯುವ ಮೊದಲು ಬಟ್ಟೆಯ ಎಳೆಗಳು ಇನ್ನಷ್ಟು ಕೂಡಿಕೊಳ್ಳಲು ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮರಳದಿಣ್ಣೆಗಳಲ್ಲಿ ಓಡಾಡಿ ಸಂಜೆ ಬೂಟು ಬಿಚ್ಚಿದಾಗ ಬೂಟಿನಿಂದ ಒಂದು ಹಿಡಿ ಮರಳು ಸುರಿಯಿತು, ಕೋರಾ ಚೀಲದ ಮೇಲೆ ಹಳದಿ ಹುಡಿ ಮೆತ್ತಿತ್ತು; ಚೀಲ ತೆಗೆದರೆ ಒಳಗೆ ಬೆರಳುಗಳ ಸಂದಿಯೂ ಸ್ವಚ್ಛವಾಗಿತ್ತು.

ಅಂಗಿಗೆ ಹೆಗ್ಗೋಡಿನ ಕಡೆಯ, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿ ಬಣ್ಣ ಹಾಕಿದ ಕೈಮಗ್ಗದ ಹತ್ತಿ ಬಟ್ಟೆ ತಂದೆ. ಆ ಕೆಂಗಂದು ಬಣ್ಣದಲ್ಲಿ ಧೂಳು ಕಾಣುವುದಿಲ್ಲ. ಎದೆಯ ಅಳತೆಗೆ ಸುಮಾರು 10 ಇಂಚು ಸಡಿಲ ಕೊಟ್ಟು, ತುಂಬುತೋಳು, ಕುತ್ತಿಗೆ ಮುಚ್ಚುವ ನಿಲುವು ಕಾಲರ್ ಇಟ್ಟೆ. ಜಿಪ್ಪಿನ ಬದಲು ಎಲ್ಲ ಕಡೆಯೂ ಗುಂಡಿ ಮತ್ತು ಲಾಡಿ. ಪೈಜಾಮದಲ್ಲಿ ತೊಡೆಯ ಒಳಭಾಗಕ್ಕೆ ಹೊಲಿಗೆಯೇ ಬಾರದಂತೆ ಒಂದು ಅಗಲ ತುಂಡನ್ನು ಕೂಡಿಸಿದ್ದೇನೆ. ಅದನ್ನು ಕತ್ತರಿಸುವ ಆಕಾರವನ್ನು ಮೂರು ಹಳೆಯ ಲುಂಗಿಗಳನ್ನು ಹಾಳುಮಾಡಿ ಕಂಡುಕೊಂಡದ್ದರಿಂದ ಸದ್ಯಕ್ಕೆ ಅದೂ ನನ್ನಲ್ಲೇ ಇರಲಿ. ಹೊಲಿಗೆ ಕೂಲಿಯೂ ಸೇರಿ ಒಂದು ಜೊತೆಗೆ 2,200 ರೂಪಾಯಿಯ ಆಸುಪಾಸು ಆಯಿತು, ಅಂದರೆ ಆ ಪಾಲಿಯೆಸ್ಟರಿನ ಮೂರನೆಯ ಒಂದು ಪಾಲು.

ಬಣ್ಣದ ವಿಷಯದಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಇದೇ ಅಳತೆಯ ಒಂದು ಬಿಳಿ, ಒಂದು ಕಪ್ಪು ಅಂಗಿ ಹೊಲಿದು ದಿನ ಬಿಟ್ಟು ದಿನ ತೊಟ್ಟೆ. ಗಾಳಿ ಬೀಸುವಾಗ ಮೈಗೆ ವ್ಯತ್ಯಾಸವೇ ತಿಳಿಯಲಿಲ್ಲ. ಅರಬ್ ಮರುಭೂಮಿಯ ಅಲೆಮಾರಿಗಳಾದ ಬೆಡೂಯಿನರ ಕಪ್ಪು ನಿಲುವಂಗಿಯ ಬಗ್ಗೆ 1980ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿದೆ: ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಬಿಸಿಲು ಚರ್ಮಕ್ಕೆ ಮುಟ್ಟುವ ಮೊದಲೇ ಕಳೆದುಹೋಗುತ್ತದೆ. 2017ರಲ್ಲಿ ನನ್ನನ್ನು ಬೇಯಿಸಿದ್ದು ಕಪ್ಪು ಬಣ್ಣಕ್ಕಿಂತ ಹೆಚ್ಚಾಗಿ ಮೈಗಂಟಿದ ಹೊಲಿಗೆ ಎಂದು ನಾನು ಈಗ ನಂಬುತ್ತೇನೆ.

ತಲೆಗೆ ಎಂಟು ಮೊಳದ ತೆಳು ಪಂಚೆ ಸಾಕು. ಒಂಟೆಯವರು ಅದನ್ನು ಮುಂಡಾಸಾಗಿ ಸುತ್ತಿ, ಗಾಳಿ ಎದ್ದಾಗ ಕೊನೆಯ ಸೆರಗನ್ನು ಮೂಗಿನ ಮೇಲೆ ಎಳೆದು ಸಿಕ್ಕಿಸುವುದನ್ನು ಕಲಿಸಿಕೊಟ್ಟರು. ಟೋಪಿ ತಂದವರು ಮೊದಲ ದಿನವೇ ದಿಣ್ಣೆಯ ಕೆಳಗೆ ಟೋಪಿ ಹುಡುಕಲು ಇಳಿದರು.

ಹಗಲು 30 ಡಿಗ್ರಿಯ ಹತ್ತಿರವಿದ್ದದ್ದು ರಾತ್ರಿ 13–14ಕ್ಕೆ ಇಳಿಯುತ್ತಿದ್ದುದರಿಂದ ಕಂಬಳಿಯನ್ನೂ ಒಯ್ದಿದ್ದೆ. ಅದು ತಪ್ಪಾಯಿತು: ಹೊರಗೆ ಹಾಸಿದ ಐದೇ ನಿಮಿಷದಲ್ಲಿ ಭುರಟ್ ಕಾಯಿಗಳು ಉಣ್ಣೆಯೊಳಗೆ ಹೂತುಹೋದವು, ಈಗಲೂ ಅದನ್ನು ಹೊದೆಯುವಂತಿಲ್ಲ. ಹಗಲಿಗೆ ಕೆಲಸಕ್ಕೆ ಬಾರದ ನೈಲಾನ್ ಜರ್ಕಿನ್ನೇ, ಒಳಗೊಂದು ಉಣ್ಣೆಯ ಬನಿಯನ್ ಇದ್ದರೆ, ರಾತ್ರಿಯ ಗಾಳಿಯನ್ನು ಚೆನ್ನಾಗಿ ತಡೆಯಿತು.

ಮುಂದಿನ ಕೊಯ್ಲು ಮುಗಿದ ಮೇಲೆ ಹೊರಡುವುದೆಂದು ತಂಡದ ಹಿರಿಯರೇ ಬಂದು ಆರು ಜೊತೆ ಕಾಲುಚೀಲಕ್ಕೆ ಅಳತೆ ಕೊಟ್ಟಿದ್ದಾರೆ. ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ. ಮೊಣಕಾಲಿನ ಕೆಳಗೆ ಲಾಡಿ ಬಿಗಿದರೆ ಒಂಟೆಯ ಮೇಲೆ ಕಾಲು ಜೋಮು ಹಿಡಿಯುತ್ತದೆ ಎಂದು ಒಬ್ಬರು ಹೇಳಿದ್ದರಿಂದ, ಅಲ್ಲಿ ಲಾಡಿಯ ಬದಲು ಎರಡು ಗುಂಡಿ ಇಟ್ಟು ಒಂದು ಜೊತೆಯನ್ನು ಮೊದಲು ನಮ್ಮ ಹತ್ತಿರದ ಕುಂದಾದ್ರಿ ಬೆಟ್ಟ ಹತ್ತಿ ನೋಡಬೇಕೆಂದಿದ್ದೇನೆ.