ಕೀಲಿಗೆ ಮೊದಲು ಪಾನಾ

ಮಗನಿಗೋ ಮಗಳಿಗೋ 18 ತುಂಬಿ ಲೈಸೆನ್ಸ್ ಬಂದರೆ ಸಾಕು, ಮನೆಯಲ್ಲಿ ಕಾರಿನ ಕೀಲಿಗೆ ಪೀಡಿಸುವುದು ಶುರುವಾಗುತ್ತದೆ. ಕೊಡಿ, ಬೇಡವೆನ್ನುವುದಿಲ್ಲ. ಅದಕ್ಕೆ ಮುಂಚೆ ಒಂದು ಭಾನುವಾರ ಅಂಗಳದಲ್ಲೇ ಚಕ್ರ ಬಿಚ್ಚಿಸಿ, ಮತ್ತೆ ಹಾಕಿಸಿ. ಮಳೆ ಸುರಿಯುವಾಗ ಹೆದ್ದಾರಿಯ ಅಂಚಿನಲ್ಲಿ ನಿಂತು ಕಲಿಯುವ ವಿದ್ಯೆ ಇದಲ್ಲ. ನೀವು ಕುರ್ಚಿ ಹಾಕಿಕೊಂಡು ಸುಮ್ಮನೆ ಕುಳಿತಿರಿ. ‘ಕೊಡು ಇಲ್ಲಿ’ ಎಂದು ಪಾನಾ ಕಸಿದುಕೊಳ್ಳುವ ಅಪ್ಪಂದಿರ ಮಕ್ಕಳು ಏನನ್ನೂ ಕಲಿಯುವುದಿಲ್ಲ.

ನೆಲ ಸಮತಟ್ಟಾಗಿರಲಿ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಬಿಚ್ಚುವ ಚಕ್ರಕ್ಕೆ ಓರೆಯಾಗಿ ಎದುರಿರುವ ಚಕ್ರಕ್ಕೆ ಎರಡೂ ಬದಿ ಕಲ್ಲು ಕೊಡಿಸಿ. ಜಾಕ್ ಏರಿಸುವ ಮೊದಲೇ ನಟ್‌ಗಳನ್ನು ತುಸು ಸಡಿಲಿಸಬೇಕು. ಏರಿಸಿದ ಮೇಲೆ ಜಗ್ಗಾಡಿದರೆ ಕಾರು ಅಲುಗಿ ಜಾಕ್ ಜಾರಬಹುದು. ಪಂಕ್ಚರ್ ಅಂಗಡಿಯಲ್ಲಿ ಮೆಷಿನ್ನಿನಿಂದ ಬಿಗಿದ ನಟ್ ಬರಿಗೈಗೆ ಜಗ್ಗುವುದಿಲ್ಲ. ಪಾನಾದ ಹಿಡಿಗೆ ಎರಡಡಿ ಉದ್ದದ ಕಬ್ಬಿಣದ ಕೊಳವೆ ತೂರಿಸಿದರೆ ಸಣಕಲು ಹುಡುಗಿಯೂ ಬಿಚ್ಚುತ್ತಾಳೆ. ಆದರೆ ಕೊಳವೆ ಬಿಚ್ಚುವುದಕ್ಕಷ್ಟೇ. ಬಿಗಿಯಲು ಬಳಸಿದರೆ ಬೋಲ್ಟ್ ಹಾಳಾಗುತ್ತದೆ. ಜಾಕನ್ನು ಎಲ್ಲೆಂದರಲ್ಲಿ ಕೊಡುವಂತಿಲ್ಲ, ಜಾಗ ಯಾವುದೆಂದು ಕಾರಿನ ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಏರಿಸಿದ ಕಾರಿನಡಿ ಕೈಕಾಲು ತೂರಿಸಕೂಡದು. ಚಕ್ರ ಬಿಚ್ಚುವಾಗ ಸ್ಟೆಪ್ನಿಯನ್ನೇ ಕಾರಿನಡಿ ಮಲಗಿಸಿಟ್ಟರೆ ಜಾಕ್ ಕೈಕೊಟ್ಟರೂ ಕಾರು ಪೂರ್ತಿ ನೆಲಕ್ಕೆ ಕೂರುವುದಿಲ್ಲ. ಮತ್ತೆ ಹಾಕುವಾಗ ನಟ್‌ಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಲಿ. ಕೊನೆಯ ಬಿಗಿತ ಚಕ್ರ ನೆಲ ಮುಟ್ಟಿದ ಮೇಲೆ.

ಗಾಳಿ ಎಷ್ಟಿರಬೇಕೆಂಬ ಚೀಟಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲೇ ಅಂಟಿಸಿರುತ್ತದೆ. ಟೈರ್ ತಣ್ಣಗಿದ್ದಾಗ ನೋಡಬೇಕು, ಸ್ಟೆಪ್ನಿಯನ್ನೂ ಸೇರಿಸಿ. ಗಾಳಿಯಿಲ್ಲದ ಸ್ಟೆಪ್ನಿ ಹೊತ್ತು ಊರೂರು ತಿರುಗುವವರೇ ಹೆಚ್ಚು!

ಎಂಜಿನ್ ಆಯಿಲ್ ನೋಡುವುದು ಐದು ನಿಮಿಷದ ಕೆಲಸ: ಎಂಜಿನ್ ತಣಿದ ಮೇಲೆ ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯನ್ನು ಒರೆಸಿ, ಅದ್ದಿ, ಎತ್ತಿ ನೋಡಿದರೆ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಬಾರದೆಂದು ಗದರಿಸಿಯೇ ಹೇಳಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ ಇಲಿ ವೈರು ಕಡಿದಿದೆಯೇ ನೋಡಲಿ. ಇಲಿ ಬರದಿರಲೆಂದು ಹೊಗೆಸೊಪ್ಪು ಕಟ್ಟುವವರಿದ್ದಾರೆ, ನನಗೇನೋ ಅದಕ್ಕಿಂತ ಕಣ್ಣಿನ ಮೇಲೆಯೇ ನಂಬಿಕೆ ಜಾಸ್ತಿ.

ಬ್ರೇಕ್ ಬಿಚ್ಚುವ ಸಾಹಸಕ್ಕೆ ಮಕ್ಕಳನ್ನು ಬಿಡಬೇಡಿ, ಅದು ಮೆಕ್ಯಾನಿಕ್ಕಿನ ಕೆಲಸ. ಒತ್ತಿದಾಗ ಕಿರ್ರೆಂದರೆ ಹಾಡಿನ ಸದ್ದು ತಗ್ಗಿಸಿ ಕೇಳಿ, ಅಂದೇ ಗ್ಯಾರೇಜಿಗೆ ಒಯ್ಯುವಷ್ಟು ಕಲಿತರೆ ಸಾಕು.